ಕೂದಲು ಜಟೆಗಟ್ಟಿದರೆ ದೇವಿ ಕರೆದಳೆಂದಲ್ಲ

‘ಮಗಳ ಕೂದಲು ಜಟೆಗಟ್ಟಿದರೆ ಹುಲಿಗೆಮ್ಮ ಕರೆದಂತೆ, ಕತ್ತರಿಸಿದರೆ ಕೇಡು, ಮುತ್ತು ಕಟ್ಟಿಸಿ’ ಎಂಬ ಮಾತು ನಮ್ಮ ಕೊಪ್ಪಳದ ಕಡೆ ಮತ್ತೆ ಓಡಾಡುತ್ತಿದೆ. ಮುತ್ತು ಕಟ್ಟಿಸುವುದೆಂದರೆ ಹುಡುಗಿಯನ್ನು ದೇವದಾಸಿಯಾಗಿ ದೇವರಿಗೆ ಬಿಡುವುದು. ಕೂದಲಿನ ಈ ಮಾತು ಸುಳ್ಳು.

ಅಂಥ ಒಂದು ಜಟೆಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹತ್ತು ವರ್ಷದ ಹುಡುಗಿ. ಕೂದಲು ಗಂಟಾದ ಮೇಲೆ ಹೆದರಿ ಬಾಚಣಿಗೆಯನ್ನೇ ಸೋಕಿಸಿರಲಿಲ್ಲ. ಅದರ ಮೇಲೆ ದಿನಾ ಎಣ್ಣೆ, ಭಂಡಾರ. ಹಗ್ಗದ ಹಾಗೆ ಬಿಗಿದಿತ್ತು, ಒಳಗೆಲ್ಲ ಹೇನು. ಬಾಚದೆ ಬಿಟ್ಟರೆ ಯಾರ ಕೂದಲಾದರೂ ಹೀಗಾಗಬಹುದು. ಕತ್ತರಿಸಿದರೆ ರಕ್ತ ಬರಲ್ಲ, ನೋವೂ ಇಲ್ಲ. ಕೂದಲು ತಾನೇ? ಕತ್ತರಿಸಿದ ದಿನ ಆ ಮಗು ಕತ್ತು ತಿರುಗಿಸಿ ತಿರುಗಿಸಿ ನಕ್ಕಿತು.

ಮುತ್ತು ಕಟ್ಟುವುದಂತೂ 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯ ಕಾಲದಿಂದಲೂ ಅಪರಾಧ. ಹುಡುಗಿ ಒಪ್ಪಿದ್ದಾಳೆ ಅಂದರೂ ಅಪರಾಧವೇ. ಮಾಡಿಸಿದವರಿಗೆ ಜೈಲು, ಹೆತ್ತವರೇ ಮಾಡಿಸಿದರೂ ಜೈಲು.

ಹುಲಿಗಿಗೆ ಖಂಡಿತ ಹೋಗಿ. ತುಂಗಭದ್ರೆಯಲ್ಲಿ ಮಿಂದು ಅಮ್ಮನಿಗೆ ಉಡಿ ತುಂಬಿ. ನಾವೂ ಹುಣ್ಣಿಮೆಗೆ ಹೋಗುತ್ತೇವೆ. ಅಮ್ಮನ ಹೆಸರಲ್ಲಿ ಯಾರಾದರೂ ಮಗಳಿಗೆ ಮುತ್ತು ಕಟ್ಟಿಸಲು ಒತ್ತಾಯಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.