ಹಾಡುಗಾರರ ಸಂಸಾರ ಸಿನಿಮಾದಾಗ ನೋಡಿ ನಂಬಬೇಕಾ? ಪರ-ವಿರೋಧ

ಪರ: ಸಿನಿಮಾ ಬರದಿದ್ರ ಆ ಹೆಣ್ಮಕ್ಕಳ ಹೆಸರೂ ಗೊತ್ತಿರ್ತಿದ್ದಿಲ್ಲ

ನಮ್ಮ ಅಕ್ಕಲಕೋಟ ಕಡಿ ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ, ಹಿಂಗಾಗಿ ಪುರಂದರದಾಸರ ಪದನೂ ನಮ್ದೇ, ಹೆಣ್ಣಿನ ಪಾತ್ರ ಮಾಡ್ತಿದ್ದ ಮರಾಠಿ ರಂಗಭೂಮಿ ಹಾಡುಗಾರ ಬಾಲಗಂಧರ್ವರ ನಾಟ್ಯಗೀತನೂ ನಮ್ದೇ. ಹಿರೇರು ಬಾಲಗಂಧರ್ವರ ರೆಕಾರ್ಡ್ ಹಚ್ಚಿದ್ರ ಮಾತಾಡ್ಲಿಕ್ಕೆ ಬಿಡ್ತಿದ್ದಿಲ್ಲ, ಆದ್ರ ಅವರ ಹೆಂಡ್ತಿ ಹೆಸರೇನ್ರಿ ಅಂತ ಕೇಳಿದ್ರ ಒಬ್ರಿಗೂ ಗೊತ್ತಿದ್ದಿಲ್ಲ. 2011ರಾಗ ಸುಬೋಧ ಭಾವೆ ಪಾತ್ರ ಮಾಡಿದ ಮರಾಠಿ ಸಿನಿಮಾ 'ಬಾಲಗಂಧರ್ವ' ಬಂದ ಮ್ಯಾಲೆ ಲಕ್ಷ್ಮೀಬಾಯಿ ಅಂತ ಒಬ್ಬಾಕಿ ಇದ್ಲು ಅಂತ ಮಂದಿ ಮಾತಾಡ್ಲಿಕ್ಕೆ ಶುರು ಮಾಡಿದ್ರು. 1911ರಾಗ 'ಮಾನಾಪಮಾನ' ನಾಟಕದ ಮೊದಲನೇ ಶೋ ದಿನಾನೇ ಅವರ ಮಗಳು ತೀರ್ಕೊಂಡ್ಲು, ಅಪ್ಪ ನಾಯಕಿ ಭಾಮಿನಿ ಸೀರಿ ಉಟ್ಕೊಂಡು ಸ್ಟೇಜ್ ಹತ್ತಿದ, ಈ ಕತಿ ಹೇಳುವಾಗ ಮೊದಲೆಲ್ಲಾ ಎಲ್ಲಾರೂ ಅಪ್ಪನ ಧೈರ್ಯಾನೇ ಹೊಗಳೋರು, ಮನ್ಯಾಗ ಹೆಣದ ಮುಂದ ಕುಂತ ತಾಯಿ ಬಗ್ಗೆ ಯಾರರೇ ಕೇಳಿದ್ರಾ?

ಹಳೇದು ತಗೋರಿ. ಪಂಢರಪುರ ನಮಗ ಹತ್ರ, ತುಕಾರಾಮರ ಅಭಂಗ ವಾರಿ (ಪಂಢರಪುರದ ಪಾದಯಾತ್ರಿ) ಒಳಗ ಕೇಳ್ಕೋತನೇ ಬೆಳೆದವರು ನಾವು. 1936ರ ಪ್ರಭಾತ್ ಕಂಪನಿ 'ಸಂತ ತುಕಾರಾಮ'ದಾಗ ಗೌರಿ ಅನ್ನಾಕಿ ಮಾಡಿದ ತುಕಾರಾಮರ ಹೆಂಡ್ತಿ ಜೀಜಾಯಿ ಪಾತ್ರ ಒಮ್ಮೆ ನೋಡ್ರಿ, ಚಪ್ಪಲಿ ಹಿಡ್ಕೊಂಡು ಗುಡಿಗಿ ನುಗ್ಗಿ ಪಾಂಡುರಂಗಗೇ ಜಬರ್ದಸ್ತ್ ಬೈತಾಳ, ಯಾಕಂದ್ರ ಮನ್ಯಾಗ ಹಿಟ್ಟಿಲ್ಲ, ಗಂಡ ಮಾತ್ರ ತಾಳ ಹಿಡ್ಕೊಂಡು ಕುಂತಾನ. ಕೀರ್ತನಕಾರರ ಬಾಯಾಗ ಆಕಿ ಬರೇ ಜಗಳಗಂಟಿ, ಸಿನಿಮಾದಾಗ ಆಕಿ ಸಿಟ್ಟಿಗಿ ಕಾರಣ ಅದ ಅಂತ ಗೊತ್ತಾಗ್ತದ. ನನಗಂತೂ ತುಕಾರಾಮನಕಿಂತ ಆಕಿನೇ ಹೆಚ್ಚು ನೆನಪು ಉಳದಾಳ, ಭಕ್ತರು ಬೈದ್ರೂ ಬೈಲಿ.

ಅಮೆರಿಕದ ಹಾಡುಗಾರ್ತಿ ಟೀನಾ ಟರ್ನರ್ ಇದ್ಲಲ್ಲ, ಗಂಡ ಐಕ್ ಹೊಡೀತಿದ್ದ ಅಂತ ಆಕಿ 1986ರಾಗ ಪುಸ್ತಕ ಬರದ್ಲು, ಆದ್ರ ಓದೋರು ಎಷ್ಟ್ ಮಂದಿ? 1993ರಾಗ ಅದ ಪುಸ್ತಕದ ಮ್ಯಾಲೆ ಸಿನಿಮಾ ಆತು, ಅಷ್ಟೊತ್ತನಾ 'ಏನ್ ಜೋಡಿ, ಏನ್ ಜೋಡಿ' ಅಂದವರೆಲ್ಲಾ ಸುಮ್ನಾದ್ರು. ತನ್ನ ಹೆಸರು ಕೆಡಿಸಿದ್ರು ಅಂತ ಐಕ್ ಸಾಯೋತನಕ ಗೊಣಗಿದ, ಗೊಣಗಲಿ.

ಇನ್ನ ಸಿನಿಮಾದಾಗ ತಪ್ಪು ಇರ್ತಾವ ಅಂತೀರಲ್ಲ, ಇರ್ತಾವ್ರಿ, ಎರಡೂವರೆ ತಾಸಿನಾಗ ನಲವತ್ತು ವರ್ಷದ ಸಂಸಾರ ತುರುಕಿದ್ರ ತಪ್ಪು ಆಗೇ ಆಗ್ತದ, ಆದ್ರ ಒಂದು ಸಿನಿಮಾಕ್ಕ ಮತ್ತೊಂದು ಸಿನಿಮಾ ಉತ್ತರ ಕೊಡ್ತದ. 2022ರಾಗ ಅಮೆರಿಕದ ಹಾಡುಗಾರ ಎಲ್ವಿಸ್ ಪ್ರೆಸ್ಲಿ ಮ್ಯಾಲೆ 'ಎಲ್ವಿಸ್' ಬಂತು, ಎಲ್ಲಾ ಝಗಮಗ, ಮರುವರ್ಷನೇ ಸೋಫಿಯಾ ಕೊಪ್ಪೊಲಾ ಅವನ ಹೆಂಡ್ತಿ ಮ್ಯಾಲೆ 'ಪ್ರಿಸಿಲ್ಲಾ' ಮಾಡಿದ್ಲು, ಅದರಾಗ ಅದ ಮನಿ ಅದ ಗಂಡ, ಆದ್ರ ನೋಡೋ ಕಣ್ಣು ಹೆಂಡ್ತೀದು. ಇಬ್ರೂ ಮೊದಲ ಸಲ ಭೇಟಿ ಆದಾಗ ಆಕಿಗಿ 14, ಅವಗ 24. ಈ ಲೆಕ್ಕ ಎಷ್ಟು ಪುಸ್ತಕದಾಗ ಇದ್ರೇನು, ಆ ಸಣ್ಣ ಹುಡುಗಿ ಅಷ್ಟು ಎತ್ತರದವನ ಬಾಜೂ ನಿಂತಿದ್ದು ಪರದೆ ಮ್ಯಾಲೆ ನೋಡಿದಾಗ ಹೊಟ್ಟ್ಯಾಗ ಕಸಿವಿಸಿ ಆಗ್ತದ ನೋಡ್ರಿ, ಅದು ಬ್ಯಾರೇನೇ.

ವಿರೋಧ: ಅಣ್ಣಾರ, ಹಾಡಿನ ರೈಟ್ಸ್ ಯಾರ ಕೈಯಾಗ ಅದ ಅಂತ ಮೊದಲು ಕೇಳ್ರಿ

ಅಣ್ಣಾರು ಛಲೋ ಬರದಾರ, ಜೀಜಾಯಿ ಬಗ್ಗೆ ಹೇಳಿದ್ದಕ್ಕ ನಂದೇನೂ ತಕರಾರಿಲ್ಲ. ಆದ್ರ ಪ್ರಿಸಿಲ್ಲಾ ಸಿನಿಮಾದ್ದು ಅರ್ಧಾನೇ ಹೇಳ್ಯಾರ. ಆ ಸಿನಿಮಾದಾಗ ಎಲ್ವಿಸ್ ಹಾಡಿದ ಒರಿಜಿನಲ್ ಹಾಡು ಒಂದೂ ಇಲ್ಲ, ಯಾಕಂದ್ರ ಹಾಡಿನ ಹಕ್ಕು ನೋಡ್ಕೊಳ್ಳೋರು ಕೊಡಲಿಲ್ಲ, ಹಿಂದಿನ ವರ್ಷದ ಝಗಮಗ ಸಿನಿಮಾಕ್ಕ ಮಾತ್ರ ಕೊಟ್ಟಿದ್ರು. ಇದ ನೋಡ್ರಿ ಕೀಲಿಕೈ. ಹಾಡುಗಾರನ ಸಿನಿಮಾ ಮಾಡಬೇಕಂದ್ರ ಹಾಡು ಬೇಕು, ಹಾಡು ಬೇಕಂದ್ರ ಅವನ ಮನಿ ಮಂದಿ, ಇಲ್ಲಾ ಕಂಪನಿ ಒಪ್ಪಬೇಕು, ಅವರು ಒಪ್ಪಬೇಕಂದ್ರ ಸಂಸಾರದ ಕತಿ ಅವರಿಗೆ ರುಚಿಸಬೇಕು. ಪ್ರಿಸಿಲ್ಲಾ ಹೆಸರಿತ್ತು, ತಾಕತ್ತಿತ್ತು, ತನ್ನ ಸಿನಿಮಾಕ್ಕ ತಾನೇ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಆದ್ಲು, ಹಾಡಿಲ್ಲದಿದ್ರೂ ನಡೀತು. ಎಲ್ಲಾ ಹೆಂಡ್ತೇರಿಗೂ ಅದು ಆಗ್ತದಾ?

ಅಮೆರಿಕದ ಹಾಡುಗಾರ ಜಾನಿ ಕ್ಯಾಶ್ ಮೊದಲನೇ ಹೆಂಡ್ತಿ ವಿವಿಯನ್‌ಗ ಆಗಲಿಲ್ಲ. 1954ರಾಗ ಲಗ್ನ ಆತು, ನಾಲ್ಕು ಹೆಣ್ಣ ಮಕ್ಕಳು, ಅವ ಊರೂರು ತಿರುಗಿ ಹಾಡುವಾಗ, ಗುಳಿಗಿ ಚಟಕ್ಕ ಬಿದ್ದಾಗ ಮನಿ ಹಿಡದಾಕಿ ಆಕಿ. 2005ರ 'ವಾಕ್ ದ ಲೈನ್' ಸಿನಿಮಾದಾಗ ಆಕಿ ಬರ್ತಾಳ, ಗಂಡನ ಹಾಡಿಗಿ ಅಡ್ಡ ಬರ್ತಾಳ, ಸಿಡಿಮಿಡಿ ಅಂತಾಳ, ಹೋಗ್ತಾಳ. ನೋಡೋರು ಎಲ್ಲಾರೂ ಯಾವಾಗ ಹಾಡುಗಾರ್ತಿ ಜೂನ್ ಕಾರ್ಟರ್ ಕೂಡ ಲಗ್ನ ಆದಾನು ಅಂತ ಕಾಯ್ಕೋತ ಕೂಡ್ತಾರ. ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಯಾರ್ರೀ ಅಂದ್ರ ಜಾನಿ-ಜೂನ್ ಮಗ! ಅವನ ತಪ್ಪಿಲ್ಲ, ಅವ್ವ-ಅಪ್ಪನ ಪ್ರೀತಿ ಕತಿ ಯಾವ ಮಗನಿಗೆ ಬ್ಯಾಡ? ವಿವಿಯನ್ ಅದ ವರ್ಷ ತೀರ್ಕೊಂಡ್ಲು, ಆಕಿ ಬರದ ಪುಸ್ತಕ 2007ರಾಗ ಬಂತು, ಆಕಿ ಬಗ್ಗೆ ಡಾಕ್ಯುಮೆಂಟರಿ 2020ರಾಗ. ಜೂನ್ ಪಾತ್ರ ಮಾಡಿದಾಕಿಗೆ ಆಸ್ಕರ್ ಬಂದು ಎಲ್ಲಾರೂ ಮರತ ಮ್ಯಾಲೆ. ಸಿನಿಮಾಕ್ಕ ಮತ್ತೊಂದು ಸಿನಿಮಾ ಉತ್ತರ ಕೊಡ್ತದ ಅಂತೀರಿ ಅಣ್ಣಾ, ಹದಿನೈದು ವರ್ಷ ತಡಾ ಆದ್ರ ಅದು ಯಾರಿಗೆ ಮುಟ್ಟಬೇಕು?

ಯುರೋಪಿನ ಸಂಗೀತಗಾರ ಮೊಜಾರ್ಟ್ ಹೆಂಡ್ತಿ ಕೊನ್ಸ್ಟಾಂಜೆಂದೂ ಹಂಗ. 1984ರ 'ಅಮೇಡಿಯಸ್' ನೋಡಿದವರ ತಲ್ಯಾಗ ಆಕಿ ಖಿಲಿಖಿಲಿ ನಗೋ ಹುಡುಗಿ. ಖರೇ ಏನಂದ್ರ 1791ರಾಗ ಗಂಡ ಸತ್ತಾಗ ಮೈತುಂಬ ಸಾಲ, ಎರಡು ಸಣ್ಣ ಕೂಸು, ಆಕಿ ಕಛೇರಿ ಇಡಿಸಿ, ಬರದಿಟ್ಟ ಹಾಳಿ ಕೂಡಿಸಿ ಪಬ್ಲಿಷರ್‌ಗೆ ಮಾರಿ, ಎರಡನೇ ಗಂಡನ ಕಡಿಂದ ಮೊದಲನೇ ಗಂಡನ ಜೀವನಚರಿತ್ರೆ ಬರೆಸಿ, ಅವ ಅರ್ಧಕ್ಕ ಸತ್ತ ಮ್ಯಾಲೂ ಬಿಡದೆ 1828ರಾಗ ಪ್ರಿಂಟ್ ಮಾಡಿಸಿದಾಕಿ. ಸಿನಿಮಾ ಮೊಜಾರ್ಟ್ ಕುಣಿಯಾಗ ಇಳಿದ ಕೂಡ್ಲೆ ಆಕಿನ್ನ ಬಿಟ್ಟು ಹೋಗ್ತದ, ಆಕಿ ಕೆಲಸ ಅಲ್ಲಿಂದನೇ ಶುರು.

ಈಗ ಬಾಲಗಂಧರ್ವರ ಮಾತಿಗಿ ಬರೋಣು. ಲಕ್ಷ್ಮೀಬಾಯಿ ಗೊತ್ತಾದ್ಲು, ಛಲೋ ಆತು. ಅವರ ಕಡೀ ಕಾಲದ ಸಂಗಾತಿ ಗೋಹರ್ ಯಾವೂರಾಕಿ ಅಂತ ಆ ಸಿನಿಮಾ ನೋಡಿದವರಿಗೆ ಕೇಳಿ ನೋಡ್ರಿ. ನಾ ಜತ್ ತಾಲೂಕಿನಾಕಿ, ಇಲ್ಲಿಂದ ವಿಜಾಪುರ ದಾಟಿ ಕೆಳಗ ಹೋದ್ರ ಬೀಳಗಿ, ಆ ಬೀಳಗಿ ಮನಿತನದ ಕನ್ನಡ ಹೆಣ್ಮಗಳು ಗೋಹರ್‌ಬಾಯಿ ಕರ್ನಾಟಕಿ. 'ಕಿಸ್ಮತ್' ಸಿನಿಮಾದಾಗ ಹಾಡಿದ ಅಮೀರ್‌ಬಾಯಿ ಆಕಿ ತಂಗಿ. 1938ರ ಸುಮಾರು ಗೋಹರ್ ಬಾಲಗಂಧರ್ವರ ಕಂಪನಿ ಗಂಧರ್ವ ನಾಟಕ ಮಂಡಳಿ ಸೇರಿದ್ಲು, ವಯಸ್ಸಾದ ಬಾಲಗಂಧರ್ವರಿಗೆ ಹೆಣ್ಣಿನ ಪಾತ್ರ ಆಗದಂಗಾದಾಗ ತಾನು ನಿಂತ್ಲು, ಸಾಯೋತನಕ ಅವರ ಜೋಡಿ ಇದ್ಲು. ಮರಾಠಿ ಅಭಿಮಾನಿಗಳ ಬಾಯಾಗ ಮಾತ್ರ 'ಆಕಿಂದನೇ ಕಂಪನಿ ಮುಳುಗ್ತು.' ಸಾಲ ಮಾಡಿ ಖರೇ ಬಂಗಾರ, ಖರೇ ಅತ್ತರ ತಂದು ನಾಟಕ ಆಡ್ತಿದ್ದವರು ಯಾರು? ಟಾಕಿ (ಮಾತಾಡೋ ಸಿನಿಮಾ) ಬಂದು ಎಷ್ಟು ಕಂಪನಿ ಮುಚ್ಚಿದ್ವು? ಅದೆಲ್ಲಾ ಬಿಟ್ಟು ಒಬ್ಬ ಮುಸ್ಲಿಂ ಕನ್ನಡತಿ ಮ್ಯಾಲೆ ಹಾಕಿದ್ರ ಕತಿ ಸಲೀಸ. ಆಕಿ ಕಣ್ಣಿಂದ ಸಿನಿಮಾ ಮಾಡ್ರಿ ಅಂದ್ರ ರೊಕ್ಕ ಹಾಕೋರು ಯಾರು, ಹೇಳ್ರಿ.

ಹೆಂಡ್ತಿ ಹೆಸರು ತಿಳೀಲಿಕ್ಕೆ ಸಿನಿಮಾನೇ ಬೇಕು ಅನ್ನೂದೂ ನಾ ಒಪ್ಪಂಗಿಲ್ಲ. ದಂಡಿಗೆ ಬೆತ್ತ ಹಿಡಿಸಿದಾಕಿ ಹೆಂಡ್ತಿ, ಆಕಿ ಸಂತತಿ ಸಾವಿರ ಆಗ್ಲಿ ಅಂತ ಪುರಂದರದಾಸರು ತಾವೇ ಹಾಡಿ ಇಟ್ಟಾರ. ಭೀಮಸೇನ ಜೋಶಿಯವರ ಮೊದಲನೇ ಹೆಂಡ್ತಿ ಮಗ ರಾಘವೇಂದ್ರ ಜೋಶಿ ತಮ್ಮ ಅವ್ವ ಉಂಡದ್ದನ್ನೆಲ್ಲಾ ಮರಾಠಿ ಪುಸ್ತಕದಾಗ ಬರದಾರ, ಅಪ್ಪನ ಹಾಡಿನ ಮ್ಯಾಲಿನ ಪ್ರೀತಿ ಬಿಡದೇನೇ ಬರದಾರ. ಇವತ್ತಲ್ಲ ನಾಳೆ ಭೀಮಸೇನರ ಮ್ಯಾಲೆ ದೊಡ್ಡ ಸಿನಿಮಾ ಬಂದೇ ಬರ್ತದ, ಸೊಲ್ಲಾಪುರದಾಗ ಹತ್ತಿದ್ರ ನಾನೂ ಹೋಗಿ ನೋಡ್ತೀನಿ. ಟೈಟಲ್‌ನಾಗ ಪ್ರೊಡ್ಯೂಸರ್ ಹೆಸರು ಬರುವಾಗ ಮಾತ್ರ ಬಾಜೂದಾಗ ಕುಂತವರು ಮಾತಾಡಿಸಬ್ಯಾಡ್ರಿ.