ದೋಣಿಗೆ ಗಡ್ಡ

ಮೊನ್ನೆ ನಮ್ಮ ಭಾವ ನನ್ನ ದೋಣಿಗೆ ಗಡ್ಡ ಬರಿಸಿದರು.

ಸುಮ್ನೆ ಹೇಳುತ್ತಿಲ್ಲ. ದೋಣಿಯ ಮೂತಿಯ ಮೇಲೆ, ಅಂಗೈಯಗಲ ಜಾಗದಲ್ಲಿ, ಹಳದಿ ಬಣ್ಣದ ಕುರುಚಲು ಗಡ್ಡ ಎದ್ದು ನಿಂತಿತ್ತು. ಅದನ್ನು ಬೆಳೆಸಿದವರು ಮಾತ್ರ ಕೈಯಲ್ಲಿ ಉಪ್ಪು ಕಾಗದ ಹಿಡಿದುಕೊಂಡೇ, "ನಿಂಗೆ ಯಾರೋ ಕಳಪೆ ಬಟ್ಟೆ ಕೊಟ್ಟಿದ್ದಾರೆ ಕಣಯ್ಯಾ" ಅಂತ ಮಾರಿದವನನ್ನು ಬೈಯುತ್ತಿದ್ದರು.

ಮನೆಯಲ್ಲಿ ಕೈಯಾರೆ ಏನಾದರೂ ಮಾಡುವವರಿಗೆಲ್ಲ ಇಂಥ ಒಬ್ಬರು ಇದ್ದೇ ಇರುತ್ತಾರೆ, ಅಲ್ವಾ? ನೀವು ಕಪಾಟಿಗೆ ಬಣ್ಣ ಬಳಿದು ಕೈ ತೊಳೆಯಲು ಹೋಗಿರುತ್ತೀರಿ. ವಾಪಸ್ ಬರುವಷ್ಟರಲ್ಲಿ ಬಾಗಿಲ ಮೇಲೆ ಹೆಬ್ಬೆಟ್ಟಿನ ಗುರುತು. ಕೇಳಿದರೆ, "ಒಣಗಿದೆಯಾ ಅಂತ ನೋಡಿದೆ." ಕಣ್ಣಿರುವುದು ಯಾಕೆ ಅಂತ ಕೇಳಬೇಕು ಅನ್ನಿಸುತ್ತದೆ. ವಯಸ್ಸಿನಲ್ಲಿ ದೊಡ್ಡವರು, ಹೆಂಡತಿಯ ಅಣ್ಣ ಬೇರೆ. ಕೇಳುವ ಹಾಗಿಲ್ಲ.

ದೋಣಿ ಅಂದರೆ ದೊಡ್ಡದೇನಲ್ಲ. ಇಬ್ಬರು ಕೂತು ಹುಟ್ಟು ಹಾಕುವಷ್ಟು. ಪ್ಲೈವುಡ್ ಹಲಗೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಒಳಗಿನ ಸಂದಿಗೆ ಎಪಾಕ್ಸಿ ಅನ್ನುವ ರೆಸಿನ್, ಅಂದರೆ ಕಲ್ಲಿನಂತೆ ಗಟ್ಟಿಯಾಗುವ ಅಂಟು ತುಂಬಿ, ಮೇಲೆ ಗಾಜಿನ ಎಳೆಯಿಂದ ನೇಯ್ದ ಗ್ಲಾಸ್ ಪಟ್ಟಿ ಅಂಟಿಸುವ ಪದ್ಧತಿ. ಬಡಗಿ ಕೆಲಸ ಬಾರದವರಿಗೂ ದೋಣಿ ಕಟ್ಟುವ ಧೈರ್ಯ ಕೊಟ್ಟಿದ್ದು ಇದೇ. 1960ರ ದಶಕದ ಶುರುವಿನಲ್ಲಿ ಬ್ರಿಟನ್ನಿನಲ್ಲಿ ಜಾಕ್ ಹೋಲ್ಟ್ ಎಂಬ ದೋಣಿ ವಿನ್ಯಾಸಕಾರ ಮತ್ತು ಟಿವಿಯಲ್ಲಿ ಮನೆ ರಿಪೇರಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಸೇರಿ ಮಿರರ್ ಅನ್ನುವ ಪುಟ್ಟ ಹಾಯಿದೋಣಿಯನ್ನು ಹೀಗೇ ಹೊಲಿದು ತೋರಿಸಿದರು. ಅಂಥವು 70 ಸಾವಿರಕ್ಕೂ ಹೆಚ್ಚು ಆದವು. ಅಷ್ಟು ಮನೆಗಳಲ್ಲಿ ಎಷ್ಟು ಭಾವಂದಿರು ಬಂದು ಮುಟ್ಟಿ ನೋಡಿರಬೇಡ!

ಪ್ಲೈವುಡ್ ಒಂದನ್ನೇ ನಂಬಿ ಕಲ್ಲಿರುವ ನೀರಿಗೆ ಇಳಿಯಲು ಆಗುವುದಿಲ್ಲ. ಅದಕ್ಕೇ ಬಟ್ಟೆ ಹೊದಿಸುವುದು. ಗ್ಲಾಸ್ ಬಟ್ಟೆ ಪಾಪದ್ದು. ಒಣಗಿದ್ದಾಗ ಬೆಳ್ಳಗಿರುತ್ತದೆ, ರೆಸಿನ್ ಕುಡಿದ ತಕ್ಷಣ ಮಾಯ. ಕೆಳಗಿನ ಮರದ ಗೆರೆಗಳು ಸ್ವಚ್ಛವಾಗಿ ಕಾಣುತ್ತವೆ. ಎಲ್ಲಿ ಗಾಳಿ ಸಿಕ್ಕಿಕೊಂಡಿದೆಯೋ ಅಲ್ಲಿ ಬಿಳಿ ಮಚ್ಚೆ ಉಳಿಯುತ್ತದೆ, ಒತ್ತಿ ಓಡಿಸಬಹುದು. ಕೆವ್ಲಾರ್ ಅಂತ ಇನ್ನೊಂದು ಬಟ್ಟೆ ಇದೆ, ಹಳದಿ ಬಣ್ಣದ ಕೃತಕ ನೂಲಿನದು. ಅದು ಹಾಗಲ್ಲ. ರೆಸಿನ್ ಎಷ್ಟು ಕುಡಿಸಿದರೂ ಹಳದಿ ಬಣ್ಣ ಬಿಡುವುದಿಲ್ಲ. ಒಳಗೆ ಗಾಳಿ ಇದೆಯೋ ಇಲ್ಲವೋ ಅದು ಹೇಳುವುದಿಲ್ಲ, ನಮಗೆ ಕಾಣುವುದಿಲ್ಲ.

ಕೆವ್ಲಾರ್ ತರೋಣ ಅಂದದ್ದೂ ಭಾವನೇ. "ಅದು ಬುಲೆಟ್ ಪ್ರೂಫ್ ಕಣಯ್ಯಾ!" ಆ ಮಾತು ಅವರ ಬಾಯಿಂದ ಬಿಟ್ಟಿದ್ದೇ ಇಲ್ಲ. ಗೇಟು ಸರಿಮಾಡಲು ಬಂದವನಿಗೆ ಹೇಳಿದರು. ಪಕ್ಕದ ಮನೆಯ ಮಗುವಿಗೆ ಹೇಳಿದರು. ಹೇಳುವಾಗ ಬೆರಳಿನ ಗಿಣ್ಣಿನಿಂದ ದೋಣಿಗೆ ಟಕ್ ಟಕ್ ಅಂತ ಕುಟ್ಟುವುದು ಬೇರೆ. ಗುಂಡು ತಡೆಯುವ ಅಂಗಿಯಲ್ಲಿ ಒಂದರ ಮೇಲೊಂದು ಎಷ್ಟೋ ಪದರ ಇರುತ್ತದೆ, ನಮ್ಮ ದೋಣಿಗೆ ಇರುವುದು ಒಂದೇ ಪದರ ಅಂತ ವಿವರಿಸಿದೆ. ಅಲ್ಲದೆ ಹುಟ್ಟು ಹಾಕುತ್ತಾ ಹೋಗುವ ನಮ್ಮ ಮೇಲೆ ಯಾರು ಗುಂಡು ಹಾರಿಸುತ್ತಾರೆ? "ಇರಲಿ ಬಿಡು, ಧೈರ್ಯಕ್ಕೆ" ಅಂದರು.

ಕೆವ್ಲಾರಿನ ನಿಜವಾದ ಗುಣ ಬೇರೆ. ತೂಕಕ್ಕೆ ತೂಕ ಹಿಡಿದು ಎಳೆದರೆ ಉಕ್ಕಿಗಿಂತ 5 ಪಟ್ಟು ಗಟ್ಟಿ. ಒಂದು ಘನ ಸೆಂಟಿಮೀಟರ್ ಕೆವ್ಲಾರ್ 1.44 ಗ್ರಾಂ ತೂಗಿದರೆ ಗಾಜಿನ ಎಳೆ ಸುಮಾರು 2.5 ಗ್ರಾಂ. ಕಲ್ಲಿಗೆ ಬಡಿದು ಮರ ಸೀಳಿದರೂ ಈ ಬಟ್ಟೆ ಬಾಯಿ ಬಿಡುವುದಿಲ್ಲ. ಸೀಳನ್ನು ಹಿಡಿದುಕೊಂಡಿರುತ್ತದೆ, ನೀರು ಜಿನುಗುತ್ತದೆಯೇ ಹೊರತು ನುಗ್ಗುವುದಿಲ್ಲ. ದಡ ಸೇರಲು ಅಷ್ಟು ಸಾಕು. ಆದರೆ ಇದರ ಶಕ್ತಿಯೆಲ್ಲ ಎಳೆತಕ್ಕೆ. ಒತ್ತಿದರೆ ಅಷ್ಟಕ್ಕಷ್ಟೇ. ಹೊರಗಿನಿಂದ ಕಲ್ಲು ಗುದ್ದಿದಾಗ ಹಲಗೆ ಒಳಕ್ಕೆ ಬಾಗುತ್ತದೆ, ಹೊರಮೈ ಒತ್ತಿಕೊಳ್ಳುತ್ತದೆ, ಒಳಮೈ ಎಳೆಯುತ್ತದೆ. ಅಂದಮೇಲೆ ಕೆವ್ಲಾರ್ ಇರಬೇಕಾದ್ದು ದೋಣಿಯ ಒಳಮೈಯಲ್ಲಿ. ಹೊರಗೆ ತರಚು, ಉಜ್ಜಾಟ ತಡೆಯಲು ಗ್ಲಾಸೇ ವಾಸಿ.

ಇದನ್ನು ಹಲಗೆ ಬಗ್ಗಿಸಿ ತೋರಿಸಿಯೇ ಹೇಳಿದೆ. ಭಾವ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. "ಒಳಗೆ ಹಾಕಿದರೆ ಯಾರಿಗೆ ಕಾಣುತ್ತೆ?"

ಕೊನೆಗೆ ರಾಜಿಯಾಯಿತು. ಒಳಗೆ ತಳಕ್ಕೆಲ್ಲ ಕೆವ್ಲಾರ್. ಹೊರಗೆ ಮೂತಿಗೆ ಮಾತ್ರ ಒಂದು ತುಂಡು. ದಡಕ್ಕೆ ಎಳೆಯುವಾಗ ಮೊದಲು ತಾಗುವ ಜಾಗ ಅದೇ ಅನ್ನುವ ನೆಪವೂ ಸಿಕ್ಕಿತು.

ಆಮೇಲೆ ಕತ್ತರಿಸುವ ಸಂಭ್ರಮ. ಗುಂಡಿಗೇ ಬಗ್ಗದ ಬಟ್ಟೆ ಹೊಲಿಗೆ ಕತ್ತರಿಗೆ ಬಗ್ಗುತ್ತದೆಯೇ? ಎಳೆಗಳು ಎರಡು ಅಲಗುಗಳ ನಡುವೆ ಮಡಚಿಕೊಂಡು ಜಾರುತ್ತವೆ, ತುಂಡಾಗುವುದಿಲ್ಲ. ಅಲಗಿಗೆ ಸಣ್ಣ ಹಲ್ಲುಗಳಿರುವ ಬೇರೆ ಕತ್ತರಿ ಬೇಕು. ನಾನು ಅದನ್ನು ತರಲು ಹೋಗಿದ್ದೆ. ಬರುವಷ್ಟರಲ್ಲಿ ಭಾವ ಅವರ ತಂಗಿಯ ಹೊಲಿಗೆ ಕತ್ತರಿ ತಂದು, ಬಟ್ಟೆಯನ್ನು ಒಂದು ಗೇಣು ಅಗಿದು ಇಟ್ಟಿದ್ದರು. ಆ ಕತ್ತರಿ ಈಗ ಕಾಗದವನ್ನೂ ಕತ್ತರಿಸುವುದಿಲ್ಲ. ನನ್ನ ಹೆಂಡತಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಅಣ್ಣನಿಗೆ ಏನೂ ಹೇಳದೆ, "ನಿಮ್ಮ ದೋಣಿ ಹುಚ್ಚು!" ಅಂದಳು. ನಿಮ್ಮ ಅಂದರೆ ಯಾರ ಅಂತ ನಾನು ಕೇಳಲು ಹೋಗಲಿಲ್ಲ.

ರೆಸಿನ್ ಹಚ್ಚುವ ದಿನವೂ ಅಷ್ಟೇ. ರೆಸಿನ್, ಅದನ್ನು ಗಟ್ಟಿ ಮಾಡುವ ಹಾರ್ಡ್ನರ್ ಕಲೆಸಿದ ಮೇಲೆ ಅದು ನಮಗಾಗಿ ಕಾಯುವುದಿಲ್ಲ. ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಲೋಟದಲ್ಲೇ ಇದ್ದರೆ ಆ ಶಾಖ ಹೊರಗೆ ಹೋಗಲು ದಾರಿಯಿಲ್ಲ. ಶಾಖಕ್ಕೆ ಇನ್ನೂ ಬೇಗ ಗಟ್ಟಿಯಾಗುತ್ತದೆ, ಬೇಗ ಗಟ್ಟಿಯಾದಷ್ಟೂ ಇನ್ನೂ ಶಾಖ. 10 ಡಿಗ್ರಿ ಏರಿದರೆ ವೇಗ ಹೆಚ್ಚುಕಮ್ಮಿ ಎರಡರಷ್ಟು. ಅದಕ್ಕೇ ಕಲೆಸಿದ ಕೂಡಲೇ ಅಗಲವಾದ ತಟ್ಟೆಗೆ ಸುರಿಯಬೇಕು. "ಸುರೀರಿ ಭಾವ" ಅಂತ ಲೋಟ ಕೊಟ್ಟೆ. ಅವರು ಲೋಟ ಹಿಡಿದುಕೊಂಡು ಗೇಟಿನ ಹತ್ತಿರ ಬಂದವರಿಗೆ ಬುಲೆಟ್ ಕಥೆ ಶುರುಮಾಡಿದರು. ಕಥೆ ಇನ್ನೂ ಅರ್ಧ ಆಗಿರಲಿಲ್ಲ, ಲೋಟದಿಂದ ಹೊಗೆ. ಪುಣ್ಯಕ್ಕೆ ಕೈಬಿಟ್ಟರು. ಬಿದ್ದ ಜಾಗದಲ್ಲಿ ರೆಸಿನ್ ಲೋಟದ ಸಮೇತ ಕಲ್ಲಾಗಿ ಕೂತಿದೆ. ನೆಲವನ್ನೇ ಒಡೆಯಬೇಕೇನೋ.

ಆ ಲೋಟ ಹೋದದ್ದರಿಂದ ಅವತ್ತು ಮೂತಿಯ ಕೆವ್ಲಾರ್ ಅಂಟಿಸುವಷ್ಟಕ್ಕೆ ಮಾತ್ರ ರೆಸಿನ್ ಸಾಕಾಯಿತು. ಅದರ ಮೇಲೆ ತೆಳು ಗ್ಲಾಸ್ ಪದರ ಒಂದು ಬರಬೇಕಿತ್ತು. ಕೆವ್ಲಾರಿಗೆ ಉಪ್ಪು ಕಾಗದ ತಾಗಿಸಬಾರದು ಅಂತ ಲೆಕ್ಕ. ಗ್ಲಾಸ್ ಉಜ್ಜಿದರೆ ಪುಡಿಯಾಗುತ್ತದೆ. ಕೆವ್ಲಾರ್ ಉಜ್ಜಿದರೆ ಪುಡಿಯಾಗುವುದಿಲ್ಲ, ಎಳೆ ಎಳೆಯಾಗಿ ಬಿಚ್ಚಿಕೊಂಡು ಮೇಲೆದ್ದು ನಿಲ್ಲುತ್ತದೆ. ಹಾಗಾಗಿ ಮೇಲೊಂದು ಗ್ಲಾಸ್ ಹೊದಿಸಿ, ಉಜ್ಜುವುದೇನಿದ್ದರೂ ಅದನ್ನು ಉಜ್ಜಬೇಕು. ಇದನ್ನೂ ಹೇಳಿದ್ದೆ. "ಮುಟ್ಟಬೇಡಿ ಭಾವ, ನಾಳೆ ಗ್ಲಾಸ್ ಹಾಕ್ತೀನಿ" ಅಂತ ಬಿಡಿಸಿ ಹೇಳಿದ್ದೆ.

"ನೀನು ಮುಟ್ಟಬೇಡ ಅಂದೆ. ಅದಕ್ಕೇ ಕೈಯಿಂದ ಮುಟ್ಟಲಿಲ್ಲ" ಅಂದರು. ಸ್ವಲ್ಪ ತರಿತರಿ ಕಂಡಿತಂತೆ. ಸುಮ್ನೆ ಎರಡು ಸಲ ಉಜ್ಜಿದರಂತೆ. ರೋಮ ಎದ್ದಿತು. ರೋಮ ಹೋಗಲಿ ಅಂತ ಇನ್ನಷ್ಟು ಉಜ್ಜಿದರು. ಉಜ್ಜಿದಷ್ಟೂ ಬೆಳೆಯಿತು. ನಾನು ಬಂದಾಗ ಅವರು ಒರಟು ಕಾಗದ ಬಿಟ್ಟು ನಯವಾದ ಕಾಗದಕ್ಕೆ ಬಂದಿದ್ದರು. ಗಡ್ಡವೂ ನಯವಾಗಿತ್ತು.

ಇದಕ್ಕೆ ಇರುವ ಮದ್ದು ಕ್ಷೌರ. ತಮಾಷೆಯಲ್ಲ, ನಿಜವಾಗಿ ಮಾಡುವುದೇ ಹಾಗೆ. ಎದ್ದ ಎಳೆಗಳಿಗೆ ರೆಸಿನ್ ಹಚ್ಚಿ ನೆನೆಸಬೇಕು. ಅದು ಪೂರ್ತಿ ಗಟ್ಟಿಯಾಗುವ ಮೊದಲು ಒಂದು ಹದ ಬರುತ್ತದೆ. ಉಗುರು ಒತ್ತಿದರೆ ಗುರುತು ಬೀಳಬೇಕು, ಆದರೆ ಅಂಟಬಾರದು. ಆಗ ಹೊಸ ಬ್ಲೇಡ್ ಹಿಡಿದು ಹೆರೆದರೆ ಗಡ್ಡ ಚೊಕ್ಕವಾಗಿ ಬರುತ್ತದೆ. ಹದ ತಪ್ಪಿದರೆ ಮುಗಿಯಿತು. ಬೇಗ ಹೆರೆದರೆ ಬಟ್ಟೆಯೇ ಕಿತ್ತುಬರುತ್ತದೆ, ತಡವಾದರೆ ಬ್ಲೇಡು ಮುರಿಯುತ್ತದೆ. ಅಂದರೆ ಪಕ್ಕದಲ್ಲೇ ಕೂತು ಆಗಾಗ ಮುಟ್ಟಿ ನೋಡುವವರು ಒಬ್ಬರು ಬೇಕು.

ಎಂಥ ಯೋಗ ನೋಡಿ. ಇಡೀ ಜೀವನ ಈ ಕೆಲಸಕ್ಕೇ ತಯಾರಾದ ಮನುಷ್ಯ ಎದುರಿಗೇ ಇದ್ದಾರೆ! ರೆಸಿನ್ ಹಚ್ಚಿ, ಕುರ್ಚಿ ಹಾಕಿ, ಅವರ ಕೈಗೆ ಗ್ಲೌಸ್ ಕೊಟ್ಟು, "ಭಾವ, ಇನ್ನು ನಿಮ್ಮದೇ. ಮುಟ್ಟಿ ನೋಡ್ತಾ ಇರಿ" ಅಂದೆ.

ಭಾವ ಕೈ ಕಟ್ಟಿಕೊಂಡರು. "ನಾನು ಮುಟ್ಟಲ್ಲಪ್ಪ. ಆಮೇಲೆ ಏನಾದರೂ ಆದರೆ ನನ್ನ ಮೇಲೆ ಹೇಳ್ತೀಯ."

ಅಂಗಲಾಚಿದೆ. ಊಹೂಂ. ಕುರ್ಚಿಯನ್ನು ಒಂದು ಮಾರು ಹಿಂದಕ್ಕೆ ಎಳೆದುಕೊಂಡು, ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ಕೂತರು. ಒದ್ದೆ ಬಣ್ಣ ಬಿಟ್ಟವರಲ್ಲ, ಹಸಿ ಸಿಮೆಂಟು ಬಿಟ್ಟವರಲ್ಲ. ಮುಟ್ಟಿ ಅಂದ ಒಂದೇ ಒಂದು ದಿನ ಮಡಿ! ನನ್ನ ಕೈತುಂಬ ರೆಸಿನ್ ಮೆತ್ತಿತ್ತು. ಕೊನೆಗೆ ಹೆಂಡತಿ ಬಂದು ಆ ಗ್ಲೌಸ್ ಹಾಕಿಕೊಂಡು ಒತ್ತಿ, "ಆಗಿದೆ, ಹೆರೀರಿ" ಅಂದಳು. ನಾನು ಬ್ಲೇಡ್ ಇಟ್ಟ ತಕ್ಷಣ ಹಿಂದಿನಿಂದ ಭಾವನ ಸೂಚನೆ ಶುರು. "ಕೂದಲು ಹೋದ ದಿಕ್ಕಿಗೇ ಎಳಿ. ಎದುರು ಎಳೆದರೆ ಉರಿಯುತ್ತೆ." ಯಾರಿಗೆ ಉರಿಯುತ್ತೆ? ದೋಣಿಗಾ? ಗಲ್ಲದ ಹತ್ತಿರ ಸ್ವಲ್ಪ ಉಳಿದಿದೆ ಅಂದರು. ದೋಣಿಗೆ ಗಲ್ಲ ಎಲ್ಲಿದೆ ಅಂತ ತಿರುಗಿ ನೋಡಿದೆ. ತಮ್ಮ ಗಲ್ಲ ಮುಟ್ಟಿ ತೋರಿಸಿದರು. ಕಂಕುಳಿಂದ ಕೈ ಹೊರಗೆ ಬಂದದ್ದು ಅದೊಂದೇ ಸಲ.

ಅವತ್ತು ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಈಗಲೂ ಪೂರ್ತಿ ಇಳಿದಿಲ್ಲ.

ಈ ನೂಲು ಹುಟ್ಟಿದ ಕಥೆಯಲ್ಲೂ ಒಬ್ಬ ಮುಟ್ಟಲ್ಲ ಅಂದವನಿದ್ದಾನೆ. 1965ರಲ್ಲಿ ಡುಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ ಕಾರಿನ ಟೈರಿಗೆ ಹಗುರವಾದ ಗಟ್ಟಿ ನೂಲು ಹುಡುಕುತ್ತಿದ್ದರು. ಅವರ ಪಾತ್ರೆಯಲ್ಲಿ ಆದದ್ದು ತೆಳ್ಳಗಿನ, ಮಬ್ಬು ಮಬ್ಬಾದ ದ್ರಾವಣ. ಚೆಲ್ಲಿಬಿಡುವಂತಿತ್ತು. ನೂಲು ತೆಗೆಯುವ ಯಂತ್ರ ನೋಡಿಕೊಳ್ಳುತ್ತಿದ್ದವನು, ಇದನ್ನು ಹಾಕಿದರೆ ಯಂತ್ರದ ತೂತುಗಳು ಕಟ್ಟಿಕೊಳ್ಳುತ್ತವೆ ಅಂತ ಒಪ್ಪಲಿಲ್ಲ. ಆಕೆ ಬಿಡದೆ ಒಪ್ಪಿಸಿದರು. ಎಳೆದು ನೋಡಿದರೆ ತುಂಡಾಗದ ನೂಲು. ಇದನ್ನು ಭಾವನಿಗೆ ಹೇಳಿದಾಗ, "ನೋಡು, ಆಯಮ್ಮನೂ ಎಳೆದೇ ನೋಡಿದ್ದು" ಅಂದರು.

ಮರುದಿನ ಬೆಳಿಗ್ಗೆ ಗ್ಲಾಸ್ ಹಾಕುವ ಮುಂಚೆ ನಾನು ದೋಣಿಯ ಪಕ್ಕವನ್ನು ದೀಪ ಹಿಡಿದು ನೋಡುತ್ತಿದ್ದೆ. ಸರಿಯಾಗಿಯೇ ಇತ್ತು. ಭಾವ ಬಂದು, ಕೇಳದೆ, ಕಣ್ಣು ಮುಚ್ಚಿ ಅಂಗೈ ಆಡಿಸುತ್ತಾ ಹೋದರು. ಮಧ್ಯದಲ್ಲಿ ನಿಂತು, "ಇಲ್ಲಿ ತಗ್ಗಿದೆ" ಅಂದರು. ಉದ್ದದ ಪಟ್ಟಿ ಇಟ್ಟು ನೋಡಿದೆ. ಪಟ್ಟಿಯ ಕೆಳಗೆ ಬೆಳಕು ಕಂಡಿತು. ದೋಣಿ ಕಟ್ಟುವವರೆಲ್ಲ ಮೈಯ ಏರುತಗ್ಗನ್ನು ಅಂಗೈಯಿಂದಲೇ ಹಿಡಿಯುವುದು. ಕಣ್ಣು ಮೋಸ ಹೋಗುತ್ತದೆ.

ಭಾವ ನಿವೃತ್ತಿಯಾಗುವವರೆಗೆ ಇದ್ದದ್ದು ಒಂದು ಕಾರ್ಖಾನೆಯಲ್ಲಿ. ಕೆಲಸ, ಯಂತ್ರದಿಂದ ಬಂದ ಬಿಡಿಭಾಗಗಳನ್ನು ಬೆರಳಾಡಿಸಿ ಸರಿಯಿದೆಯೋ ಇಲ್ಲವೋ ಹೇಳುವುದು. ಆಮೇಲೆ ಆ ಕೆಲಸಕ್ಕೆ ಅಳೆಯುವ ಯಂತ್ರ ಬಂತು. ಆ ಬೆರಳುಗಳಿಗೆ ಈಗ ಸಿಗುವುದು ನಮ್ಮ ಮನೆಯ ಕಪಾಟು, ನಮ್ಮ ಮನೆಯ ದೋಣಿ. ತಗ್ಗು ಹಿಡಿದಾಗ ಅವರ ಮುಖ ನೋಡಬೇಕಿತ್ತು. ನಾನು ಏನೋ ಒಳ್ಳೆಯ ಮಾತು ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರು ಹಿಂದಿನ ದಿನ ಒಳಗೆ ಹಚ್ಚಿದ್ದ ಕೋಟಿನ ಮೇಲೆ ಕೈ ಊರಿ ಎದ್ದರು. ಅದಿನ್ನೂ ಒಣಗಿರಲಿಲ್ಲ. ಐದೂ ಬೆರಳು ಮೂಡಿದವು.

ಈಗ ಗ್ಲಾಸ್ ಹಾಕಿಯಾಗಿದೆ. ಕೆವ್ಲಾರ್ ಸ್ವಲ್ಪ ಮಿಕ್ಕಿದೆ. ಹುಟ್ಟಿನ ಅಲಗಿಗೆ ಹಾಕು ಅನ್ನುವುದು ಭಾವನ ಸಲಹೆ. ಬುಲೆಟ್ ಪ್ರೂಫ್ ಹುಟ್ಟು. ಹೆಂಡತಿಯದು ಬೇರೆ ಸಲಹೆ. ಕೆವ್ಲಾರ್ ನೂಲಿನಿಂದ ಚಾಕು ತಾಗದ ಕೈಗವಸು ಮಾಡುತ್ತಾರೆ ಅಂತ ಎಲ್ಲೋ ಓದಿದ್ದಾಳೆ. "ಒಂದು ಜೊತೆ ಹೊಲಿದು ನಮ್ಮಣ್ಣನಿಗೆ ಹಾಕ್ತೀನಿ. ಬೆರಳು ಬೇಡ, ಚೀಲದ ಥರ ಇರಲಿ" ಅಂದಳು.

ಒಳ್ಳೆಯ ಯೋಚನೆ. ಅಳತೆಯನ್ನೂ ತೆಗೆದುಕೊಂಡಾಗಿದೆ. ಆದರೆ ಆ ಹಲ್ಲಿನ ಕತ್ತರಿ ಸಿಗುತ್ತಿಲ್ಲ. ಭಾವ ಅದನ್ನು ಮನೆಗೆ ಒಯ್ದಿದ್ದಾರಂತೆ. ಹಲ್ಲು ಉಜ್ಜಿ ನಯ ಮಾಡಿ ಕೊಡ್ತಾರಂತೆ.