ಮೂರಡಿ ತೊಟ್ಟಿಯಲ್ಲಿ ಒತ್ತುವರಿ

ಚಿಕ್ಕಮಗಳೂರಿನಲ್ಲಿ ಯಾರ ಮನೆಗೆ ಹೋದರೂ ಮಾತು ಮಳೆಯಿಂದ ಆರಂಭವಾಗಿ, ಕಾಫಿಯ ದರವನ್ನು ಮುಟ್ಟಿ, ಕೊನೆಗೆ ಸರ್ಕಾರಿ ಜಾಗದ ಒತ್ತುವರಿಗೆ, ಅದನ್ನು ಸಕ್ರಮ ಮಾಡಿಸುವ ಫಾರಂ 57ರ ಅರ್ಜಿಗೆ ಬಂದು ನಿಲ್ಲುತ್ತದೆ. ನನಗೆ ಒಂದು ಗುಂಟೆ ತೋಟವೂ ಇಲ್ಲದ್ದರಿಂದ ಈ ಮೂರನೆಯ ವಿಷಯ ಬಂದಾಗಲೆಲ್ಲ ತಟ್ಟೆಯಲ್ಲಿನ ಕೋಡುಬಳೆಯ ಕಡೆಗೆ ಗಮನ ಹರಿಸುವುದು ನನ್ನ ರೂಢಿಯಾಗಿತ್ತು. ಈಗ ಹಾಗಲ್ಲ. ನಮ್ಮ ನಡುಮನೆಯ ಮೂರಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಒಂದು ಹವಳವು ಪಂಪು, ಪೈಪು, ಗಾಜು ಎಲ್ಲವನ್ನೂ ಒತ್ತುವರಿ ಮಾಡಿಕೊಂಡ ಮೇಲೆ ನನಗೂ ನಾಲ್ಕು ಮಾತು ಹೇಳುವ ಅರ್ಹತೆ ಬಂದಿದೆ.

ಘಟ್ಟದ ಮೇಲೆ, ಸಾವಿರ ಮೀಟರಿಗಿಂತ ಎತ್ತರದ ಊರಿನಲ್ಲಿ ಕೂತು ಕಡಲು ಸಾಕುವುದು ಸಲೀಸಾದ ಕೆಲಸವಲ್ಲ. ಲೀಟರಿಗೆ 35 ಗ್ರಾಂ ಲೆಕ್ಕ ಹಿಡಿದರೆ 180 ಲೀಟರಿನ ತೊಟ್ಟಿಗೆ ಆರು ಕಿಲೋಗೂ ಮಿಕ್ಕಿ ಉಪ್ಪು ಬೇಕು; ಅದೂ ಅಡುಗೆಯ ಉಪ್ಪಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವೆಲ್ಲ ಸೇರಿದ ಕಡಲುಪ್ಪಿನ ಮಿಶ್ರಣ. ಆಷಾಢದ ಚಳಿಯಲ್ಲಿ ನಾವು ಕಂಬಳಿ ಹೊದ್ದು ನಡುಗುತ್ತಿದ್ದರೂ ತೊಟ್ಟಿಯ ನೀರು ಮಾತ್ರ 25–26 ಡಿಗ್ರಿಯಲ್ಲಿಯೇ ಇರಬೇಕು. ಈ ಮನೆಯಲ್ಲಿ ಬೆಚ್ಚಗಿರುವ ಪುಣ್ಯ ಮೀನುಗಳಿಗೆ ಮಾತ್ರ ಇದೆ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುವುದುಂಟು.

ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿ, ಆನೆಗಳ ಸಾಲಿನಲ್ಲಿಯೇ ಕುಳಿತಿರುವುದರಿಂದ ನಾನು ಅವುಗಳ ಗೊಡವೆಗೆ ಹೋಗಲಿಲ್ಲ. ಬೆಂಗಳೂರಿನ ಗೆಳೆಯನೊಬ್ಬ ತನ್ನ ತೊಟ್ಟಿಯಲ್ಲಿ ಬೆಳೆಸಿದ ಸ್ಟಾರ್ ಪಾಲಿಪ್ ಎಂಬ ಮೆದು ಹವಳದ ತುಂಡೊಂದನ್ನು ಕೊಟ್ಟ. ಒಂದು ರೂಪಾಯಿ ನಾಣ್ಯದಷ್ಟು ಅಗಲದ, ರಬ್ಬರಿನಂಥ ನೇರಳೆ ಚಾಪೆ; ದೀಪ ಹಾಕಿದೊಡನೆ ಅದರ ಮೈತುಂಬ ಹಸಿರು ನಕ್ಷತ್ರಗಳು ಅರಳಿ, ಎಂಟೆಂಟು ತೋಳುಗಳನ್ನು ಚಾಚಿ ತೂಗಾಡುತ್ತವೆ. ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯೇ ಬೆಳಕಿನಿಂದ ಅಡುಗೆ ಮಾಡಿ ಬಡಿಸುವುದರಿಂದ ಊಟದ ಚಿಂತೆಯೂ ಅದಕ್ಕೆ ಅಷ್ಟಾಗಿ ಇಲ್ಲ. ಯಾವುದಕ್ಕೂ ತಾಗದಂತೆ ಒಂಟಿ ಕಲ್ಲಿನ ಮೇಲೆ ಅಂಟಿಸಬೇಕೆಂದು ಗೆಳೆಯ ಎರಡು ಸಲ ಹೇಳಿದ್ದ. ಆದರೆ ಒಂಟಿ ಕಲ್ಲು ಸೋಫಾದಿಂದ ಕಾಣುತ್ತಿರಲಿಲ್ಲ. ಆದ್ದರಿಂದ ಅದನ್ನು ಪಂಪಿನ ಪಕ್ಕದ ಬಂಡೆಗೆ ಅಂಟಿಸಿದೆ.

ಮೊದಲ ಕೆಲವು ತಿಂಗಳು ಅದು ಬಾಡಿಗೆಗೆ ಬಂದ ಸಂಭಾವಿತ ಕುಟುಂಬದಂತೆ ತನ್ನ ಪಾಡಿಗೆ ತಾನಿತ್ತು. ಆಮೇಲೆ, ರಾತ್ರೋರಾತ್ರಿ ಬೇಲಿ ಸರಿಸುವವರ ಹಾಗೆ, ದಿನಕ್ಕೊಂದು ಕೂದಲೆಳೆಯಷ್ಟು ಮುಂದುವರಿದು ಬಂಡೆಯನ್ನು ದಾಟಿ, ಹಿಂಬದಿಯ ಗಾಜನ್ನು ಹಿಡಿದು, ಪಂಪಿನ ಜಾಲರಿಯನ್ನೂ ಹತ್ತಿತು. ನಾನು ತಡೆಯಬೇಕಿತ್ತು; ತಡೆಯುವ ಬದಲು ಫೋಟೋ ತೆಗೆದೆ. ಪಂಪಿನ ಮೇಲೆ ಹುಲ್ಲುಹಾಸು ಬೆಳೆದಂತೆ ಕಾಣುತ್ತಿದ್ದ ಅದನ್ನು ಬಂದವರಿಗೆಲ್ಲ ನನ್ನ ಕೈಗುಣವೆಂಬಂತೆ ತೋರಿಸಿದೆ.

ತೊಟ್ಟಿಯ ಹಿಂಭಾಗದಲ್ಲಿ, ನೀರಿನ ಮಟ್ಟದಲ್ಲಿ, ಬಾಚಣಿಗೆಯ ಹಲ್ಲುಗಳಂಥ ಸೀಳುಗಳಿವೆ. ಮೇಲಿನ ನೀರು ಅವುಗಳ ಮೂಲಕ ಕೆಳಗಿನ ತೊಟ್ಟಿಗೆ ಇಳಿದು, ಸೋಸಿಕೊಂಡು, ಮೋಟಾರಿನ ಮೂಲಕ ಮತ್ತೆ ಮೇಲೇರುತ್ತದೆ. ಹವಳವು ಈ ಹಲ್ಲುಗಳ ಸಂದುಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದಿದ್ದನ್ನು ನಾನು ನೋಡಿರಲಿಲ್ಲ. ಏಕೆಂದರೆ ಅದು ಸೋಫಾದಿಂದ ಕಾಣುವ ಜಾಗವಲ್ಲ. ಕೊಯ್ಲು ಮುಗಿಸಿ ನಮ್ಮ ಮನೆಗೆ ಬಂದು ತಂಗಿದ್ದ ಮಾವನವರು ಫೆಬ್ರವರಿಯ ಒಂದು ಬೆಳಗಿನ ಜಾವ ಎದ್ದು ನಡುಮನೆಗೆ ಕಾಲಿಟ್ಟಾಗ ಅವರ ಉಣ್ಣೆಯ ಕಾಲುಚೀಲ ಪಚಕ್ಕೆಂದಿತು. ಇಳಿಯುವ ದಾರಿ ಕಟ್ಟಿಹೋಗಿದ್ದರೂ ಏರಿಸುವ ಮೋಟಾರು ತನ್ನ ಕರ್ತವ್ಯವನ್ನು ಬಿಟ್ಟಿರಲಿಲ್ಲವಾದ್ದರಿಂದ, ಕೆಳಗಿನ ತೊಟ್ಟಿ ಬರಿದಾಗಿ ಗೊರಗೊರ ಎನ್ನುವವರೆಗೂ ನಾಲ್ಕು ಬಕೆಟ್ ಕಡಲು ನಮ್ಮ ಕೆಂಪು ಗಾರೆಯ ನೆಲದ ಮೇಲೆ ಹರಿದಿತ್ತು. ನೆಲದ ಮೇಲೆ ಬಿದ್ದ ಶಾಲನ್ನು ಎತ್ತಿ, ಹಿಂಡಿ, ಅದರಿಂದಲೇ ಮುಖ ಒರೆಸಿಕೊಂಡ ಮಾವನವರು ಮೊದಲು ಕೇಳಿದ ಪ್ರಶ್ನೆ, "ಇದೇನು, ನೀರು ಉಪ್ಪಾಗಿದೆಯಲ್ಲ?" ಎಂಬುದು. ಆ ನೆಲವನ್ನು ಎಷ್ಟು ಸಲ ಒರೆಸಿದರೂ ಒಣಗಿದೊಡನೆ ಬೂದುಗುಂಬಳದ ಮೈಯಂಥ ಬಿಳಿ ಪುಡಿ ಮತ್ತೆ ಮೂಡುತ್ತಿತ್ತು; ಯುಗಾದಿಯವರೆಗೂ ಮೂಡಿತು.

ಬೆಳಕಾದ ಮೇಲೆ ಮಾವನವರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸರ್ವೆಗೆ ಬಂದವರಂತೆ ತೊಟ್ಟಿಯ ಮೂರೂ ದಿಕ್ಕು ನೋಡಿದರು.

"ಅಳಿಯಂದಿರೇ, ಇದು ಎಷ್ಟು ವರ್ಷದಿಂದ ಅನುಭವದಲ್ಲಿದೆ?"

"ಒಂದೂವರೆ ವರ್ಷ, ಮಾವ."

"ಕಸಿ ಮಾಡದಿದ್ದರೆ ಇನ್ನೇನಾಗುತ್ತದೆ?"

ಇಲ್ಲಿ ಒಂದು ಮಾತು ಹೇಳಬೇಕು. ಬಯಲುಸೀಮೆಯವರಿಗೆ ಕಸಿಯೆಂದರೆ ಒಂದು ಗಿಡಕ್ಕೆ ಇನ್ನೊಂದರ ಕಣ್ಣು ಕೂಡಿಸಿ ಬೆಳೆಸುವುದು. ಕಾಫಿ ತೋಟದವರಿಗೆ ಕಸಿಯೆಂದರೆ ಬೇಡದ ರೆಕ್ಕೆಗಳನ್ನು, ಎಂದರೆ ಕೊಂಬೆಗಳನ್ನು, ಕತ್ತರಿಸಿ ತೆಗೆಯುವುದು. ಒಂದೇ ಶಬ್ದಕ್ಕೆ ಬೆಳೆಸುವ ಅರ್ಥವೂ ಕಡಿಯುವ ಅರ್ಥವೂ ಏಕಿರಬೇಕೆಂದು ನಾನು ಮೊದಲಿನಿಂದಲೂ ಯೋಚಿಸುತ್ತಿದ್ದೆ.

ಮಾವನವರು ತಮ್ಮ ನೆಚ್ಚಿನ ಕಸಿ ಕತ್ತರಿಯನ್ನೇ ಕೊಟ್ಟರು. ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ತೋಳು ಮಡಚಿ, ನೀರಿಗೆ ಕೈ ಇಳಿಸಿದೊಡನೆ ನಕ್ಷತ್ರಗಳೆಲ್ಲ ಚಾಪೆಯೊಳಗೆ ಮುದುಡಿಕೊಂಡು, ಇಲ್ಲಿ ಯಾರೂ ಇಲ್ಲವೆಂಬಂತೆ ನೇರಳೆ ತೊಗಲಷ್ಟೇ ಉಳಿಯಿತು. ಗಾಜಿನ ಮೇಲಿನದು ಕಷ್ಟ ಕೊಡಲಿಲ್ಲ. ಅವಧಿ ಮುಗಿದ ಎಟಿಎಂ ಕಾರ್ಡನ್ನು ಅಂಚಿನಡಿ ತೂರಿಸಿ ತಳ್ಳಿದರೆ ಪಳಗಿದ ಹೆಂಚಿನಿಂದ ಏಳುವ ದೋಸೆಯಂತೆ ಇಡಿಯಾಗಿ ಎದ್ದು ಬಂತು. ಪಂಪಿನದು ಮಾತ್ರ ಮೊದಲನೆಯ ದೋಸೆ: ಜಾಲರಿಯ ಒಂದೊಂದು ಸಂದಿನಲ್ಲಿಯೂ ಹರಿದು, ಲೋಳೆ ಬಿಟ್ಟು, ಚೂರುಚೂರಾಯಿತು. ಪಂಪನ್ನು ಗಾಜಿಗೆ ಹಿಡಿದಿಡುವ ಅಯಸ್ಕಾಂತದ ಹೊರಗಿನ ಅರ್ಧವನ್ನು ತೆಗೆದಾಗ ಒಳಗಿನ ಅರ್ಧ ಬೀಳಬೇಕಾದದ್ದು ನಿಯಮ. ನಮ್ಮದು ಬೀಳದೆ, ಹವಳದ ಹಿಡಿತದಲ್ಲಿಯೇ ಗಾಜಿಗೆ ಅಂಟಿಕೊಂಡು ನಿಂತಿತು.

ಅಂತೂ ಬಿಡಿಸಿದ ಪಂಪನ್ನು, ಅದರ ಮೇಲಿನ ಸುಣ್ಣದ ಹಕ್ಕಳೆ ಕರಗಲೆಂದು, ನೀರು ಬೆರೆಸಿದ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಹಾಕಿದೆ. ಕೈಗೆ ಸಿಕ್ಕಿದ್ದು ಇಡ್ಲಿ ಹಿಟ್ಟು ಹುದುಗಿಸುವ ಪಾತ್ರೆ. ಅದೇ ಹೊತ್ತಿಗೆ ಫೋನ್ ಮಾಡಿದ ಗೆಳೆಯ, ಜೋವಾಂಥಿಡ್ ಎಂಬ ಬೇರೊಂದು ಜಾತಿಯಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿರಬಹುದು, ಅದು ಅಂಟಿದ ಕಲ್ಲನ್ನು ಕುದಿಸಿ ಆವಿ ಉಸಿರಾಡಿದವರು ಆಸ್ಪತ್ರೆ ಸೇರಿದ್ದಾರೆ, ನಿನ್ನದು ಅದಲ್ಲ, ಆದರೂ ಕೈಗವಸು ಹಾಕಿಕೋ ಎಂದು ಬುದ್ಧಿ ಹೇಳಿದ. ಫೋನು ಸ್ಪೀಕರಿನಲ್ಲಿತ್ತು. ಹೆಂಡತಿಯ ಕಿವಿಗೆ ಬಿದ್ದದ್ದು ವಿಷ ಎಂಬ ಎರಡಕ್ಷರ ಮಾತ್ರ. ನಮ್ಮ ಮನೆಗೆ ಹೊಸ ಇಡ್ಲಿ ಹಿಟ್ಟಿನ ಪಾತ್ರೆ ಬಂದದ್ದು ಹೀಗೆ.

ನಾನು ಮಾಡಿದ ನಿಜವಾದ ತಪ್ಪು ಇದಾವುದೂ ಅಲ್ಲ. ಕತ್ತರಿಸಿದ ಚೂರುಗಳನ್ನು ಬಲೆಯಿಂದ ಪೂರ್ತಿ ಹಿಡಿದು ತೆಗೆಯುವ ಮೊದಲೇ, ಮೀನುಗಳಿಗೆ ಉಸಿರುಗಟ್ಟೀತೆಂಬ ಮರುಕದಿಂದ ಮೋಟಾರನ್ನು ಚಾಲೂ ಮಾಡಿದೆ. ಉಗುರಿನಷ್ಟು ಚೂರುಗಳು ತೊಟ್ಟಿಯಿಡೀ ತಿರುಗಿ, ತಮಗೆ ಬೇಕಾದ ಸಂದುಗಳಲ್ಲಿ ಕುಳಿತವು. ಈ ಹವಳದಲ್ಲಿ ಕಡಿದ ಪ್ರತಿ ತುಂಡೂ ಬೇರೆ ಗಿಡವೇ ಆದ್ದರಿಂದ, ನಾನು ತೋಟದವರ ಕಸಿಯನ್ನು ಮಾಡುತ್ತಿದ್ದೇನೆಂದು ತಿಳಿದು ಬಯಲುಸೀಮೆಯವರ ಕಸಿಯನ್ನು ಮಾಡಿದ್ದೆ.

ಮೂರು ವಾರಗಳ ನಂತರ ಮಾವನವರು ಮತ್ತೆ ಬಂದಾಗ, ಕನ್ನಡಕವನ್ನು ಹಣೆಗೇರಿಸಿ, ತೊಟ್ಟಿಗೆ ಮೂಗು ತಾಗಿಸಿ ನೋಡಿ, ಬೆರಳಿಟ್ಟು ತೋರಿಸಿದರು. ಗಾಜು ಉಜ್ಜಲೆಂದು ನಾನು ಮೂಲೆಯಲ್ಲಿ ಇಟ್ಟಿದ್ದ ಅಯಸ್ಕಾಂತದ ಬ್ರಷ್ಷಿನ ಬೆನ್ನ ಮೇಲೆ ಮೂರು ಹಸಿರು ನಕ್ಷತ್ರಗಳು ಅರಳಿ ತೂಗಾಡುತ್ತಿದ್ದವು.

"ಫಾರಂ 57 ತುಂಬಿಕೊಟ್ಟು ಸಕ್ರಮ ಮಾಡಿಸಿಬಿಡಿ," ಎಂದರು.

ಕತ್ತರಿಯ ವಿಷಯವನ್ನು ಅವರು ಎತ್ತಲಿಲ್ಲ. ಉಪ್ಪುನೀರು ಕುಡಿದು ಒಂದೇ ವಾರದಲ್ಲಿ ಕಾವಿ ಬಣ್ಣಕ್ಕೆ ತಿರುಗಿ, ಬಾಯಿ ತೆರೆಯದಂತೆ ಕಚ್ಚಿಕೊಂಡಿದ್ದ ಅದು ಆ ಹೊತ್ತಿನಲ್ಲಿ ಅಟ್ಟದ ಮೇಲೆ, ಹಳೆಯ ಇಡ್ಲಿ ಹಿಟ್ಟಿನ ಪಾತ್ರೆಯೊಳಗೆ ಮಲಗಿತ್ತು.